ಪೇಸ್ಟ್ ಹಚ್ಚಿದ ಎಡಗೈ

ನಾನು ಗಿಟಾರ್ ಬಾರಿಸುತ್ತೇನೆ ಎಂದರೆ ವಿಜಯಪುರದಲ್ಲಿ ಜನ ಮೊದಲು ಕೇಳುವುದು, ಯಾವ ಸಿನಿಮಾ ಹಾಡು ಬರುತ್ತದೆ ಎಂದು. ಯಾವುದೂ ಬರುವುದಿಲ್ಲ ಎಂದರೆ ನಂಬುವುದಿಲ್ಲ. ನಾನು ಬಾರಿಸುವುದು ಥ್ರ್ಯಾಶ್ ಮೆಟಲ್. ಅದೇನೆಂದು ತಿಳಿಸಿ ಹೇಳಲು ಹೋಗಿ ವರ್ಷಗಟ್ಟಲೆ ಬಾಯಿ ನೋಯಿಸಿಕೊಂಡಿದ್ದೇನೆ. ಈಗ ಚುಟುಕಾಗಿ ಮುಗಿಸುತ್ತೇನೆ: ವಿಪರೀತ ಜೋರು, ವಿಪರೀತ ವೇಗ, ಅದರ ಮೇಲೆ ಸಿಟ್ಟು. ಇದಕ್ಕಿಂತ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಮೊದಲ ಸಲ ಕೇಳಿ ಕಲ್ಲು ಪುಡಿ ಮಾಡುವ ಯಂತ್ರಕ್ಕೆ ಹೋಲಿಸಿದ್ದೇ ಸರಿಯಾಗಿತ್ತು. "ಖಡಿ ಮಷಿನ್ ಹಚ್ಚಿದಂಗ ಆಗತೈತಿ ಬೇ. ಆದ್ರ ಖಡಿ ಮಷಿನ್ ನಡುನಡುವ ನಿಂದರತೈತಿ, ನೀವು ನಿಂದರಂಗಿಲ್ಲ."

ಹೆಣ್ಣುಮಗಳು ಇದನ್ನು ಯಾಕೆ ಹಿಡಿದಳು, ಮದುವೆ ಯಾಕಾಗಲಿಲ್ಲ ಎಂದು ತಿಳಿಯಲು ಓದುತ್ತಿರುವವರು ಇಲ್ಲಿಗೇ ಬಿಡಬಹುದು. ನಾನು ಬರೆಯಬೇಕೆಂದಿರುವುದು ಒಂದು ಅಕ್ಟೋಬರಿನ ಮೂರು ದಿನಗಳ ಮಾತು. ನಾವು ನಾಲ್ವರು ಹತ್ತು ವರ್ಷ ಬಾರಿಸಿ ಬಾರಿಸಿ ಕಟ್ಟಿದ ಹತ್ತು ಹಾಡುಗಳು ಉಳಿಯುತ್ತವೋ, ಗಾಳಿಗೆ ಹೋಗುತ್ತವೋ ಎಂಬುದು ಆ ಮೂರು ದಿನಗಳಲ್ಲಿ ತೀರ್ಮಾನವಾಗಬೇಕಿತ್ತು.

ನನ್ನ ಮೊದಲ ಗಿಟಾರ್ ಸೋಲಾಪುರದಿಂದ ತಂದ ಹಳೆಯ ಸಾಮಾನು. ಅದಕ್ಕೆ ಆಂಪ್ಲಿಫೈಯರ್ ಇರಲಿಲ್ಲ. ಬಿಜ್ಜರಗಿಯ ನಮ್ಮ ಓಣಿಯ ಭಜನಾ ಮಂಡಳಿಯ ಆಂಪ್ಲಿಫೈಯರ್ ನಮ್ಮ ಮನೆಯ ಪಡಸಾಲೆಯಲ್ಲಿ ಇರುತ್ತಿತ್ತು. ಒಂದು ಮಧ್ಯಾಹ್ನ ಅದಕ್ಕೆ ವಾಯರು ಸಿಕ್ಕಿಸಿ, ದನಿಯ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿಬಿಟ್ಟೆ. ದನಿ ಒಡೆದು, ಹರಿದು, ಗುರುಗುಟ್ಟುತ್ತ ಹೊರಬಂತು. ಯಪ್ಪಾ, ಆ ದನಿ! ಎಷ್ಟೋ ದಿನದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಒಮ್ಮೆಲೇ ಹೊರಗೆ ಬಂದ ಹಾಗಾಯಿತು. ಹೊಲದಿಂದ ಬಂದ ಅಣ್ಣ ಬಾಗಿಲಲ್ಲೇ ನಿಂತ. "ಕೆಟ್ಟೈತೇನ ಬೇ ಅದು?" ಎಂದ. "ಇಲ್ಲ, ಈಗ ಸರಿ ಆತು," ಎಂದೆ. ಭಜನಾ ಮಂಡಳಿಯವರು ಮರುವಾರವೇ ಆ ಪೆಟ್ಟಿಗೆಯನ್ನು ಬೇರೆಯವರ ಮನೆಗೆ ಸಾಗಿಸಿದರು.

ಡ್ರಮ್ ಬಾರಿಸುವವನು ಸಿಕ್ಕಿದ್ದು ವಿಜಯಪುರದ ಒಂದು ಆರ್ಕೆಸ್ಟ್ರಾದಲ್ಲಿ. ಬಬಲೇಶ್ವರದವನು. ಅವರದು ಮದುವೆ ಬ್ಯಾಂಡಿನ ಮನೆತನ. ಅವನ ಅಪ್ಪ ದೊಡ್ಡ ಡ್ರಮ್ಮನ್ನು ಎದೆಗೆ ಕಟ್ಟಿಕೊಂಡು ಇಡೀ ಮೆರವಣಿಗೆ ನಡೆಯುವ ಮನುಷ್ಯ. ಮಗನಿಗೆ ನಾಲ್ಕು ವರ್ಷ ತುಂಬುವ ಮೊದಲೇ ಕೈಗೆ ಕೋಲು ಕೊಟ್ಟಿದ್ದ. ಆ ಆರ್ಕೆಸ್ಟ್ರಾದಿಂದ ನಮ್ಮಿಬ್ಬರನ್ನೂ ಒಂದೇ ದಿನ ತೆಗೆದುಹಾಕಿದರು, ಒಂದೇ ಕಾರಣಕ್ಕೆ: ಹೇಳಿದ್ದಕ್ಕಿಂತ ಜೋರಾಗಿ ಬಾರಿಸುತ್ತೀರಿ. ಹೊರಗೆ ಚಹಾದಂಗಡಿಯ ಮುಂದೆ ನಿಂತು ಇಬ್ಬರೂ ನಕ್ಕೆವು. ಆಮೇಲೆ ಸಾರವಾಡದ ಇಬ್ಬರು ಸೇರಿಕೊಂಡರು. ಅಣ್ಣತಮ್ಮಂದಿರು. ಒಬ್ಬ ಹಾಡುವವನು, ಇನ್ನೊಬ್ಬ ಬೇಸ್ ಗಿಟಾರ್ ಹಿಡಿದವನು.

ಹತ್ತು ವರ್ಷದಲ್ಲಿ ಪುಣೆ, ಹುಬ್ಬಳ್ಳಿ, ಬೆಂಗಳೂರು ಎಂದು ರೈಲಿನ ಜನರಲ್ ಡಬ್ಬಿಯಲ್ಲಿ ಗಿಟಾರನ್ನು ಮಡಿಲಲ್ಲಿ ಇಟ್ಟುಕೊಂಡು ಅಲೆದೆವು. ಅಲ್ಲಿ ಜನ ಕುಣಿದರು, ಕೂಗಿದರು. ನಮ್ಮ ಊರಿನಲ್ಲಿ ಒಂದೇ ಒಂದು ಸಲ ಬಾರಿಸಿದೆವು. ಮೂರನೆಯ ಹಾಡಿಗೆ ಯಾರೋ ಹಿರಿಯರು ಎದ್ದು ಹೋಗಿ ಮೇನ್ ಸ್ವಿಚ್ಚನ್ನೇ ಕಿತ್ತರು. ನಾನು ವೇದಿಕೆಯಿಂದ ಇಳಿದು ಅವರ ಜೊತೆ ಜಗಳಕ್ಕೆ ನಿಂತೆ, ಡ್ರಮ್ಮಿನವನು ಬಂದು ನನ್ನನ್ನು ಎಳೆದುಕೊಂಡು ಹೋದ. ಆಮೇಲೆ ನಮ್ಮನ್ನು ಇಲ್ಲಿ ಯಾರೂ ಕರೆಯಲಿಲ್ಲ.

ನಮಗಿದ್ದ ಒಂದೇ ಜಾಗ ಅಣ್ಣನ ಒಣದ್ರಾಕ್ಷಿ ಶೆಡ್. ಬಿಜ್ಜರಗಿಯಲ್ಲಿ ನಮ್ಮದು ನಾಲ್ಕು ಎಕರೆ ದ್ರಾಕ್ಷಿ ಪಡ, ಅಂದರೆ ತೋಟ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಶೆಡ್ಡಿನ ತಂತಿ ಜಾಳಿಗೆಯ ಮೇಲೆ ಹಣ್ಣು ಒಣಗುತ್ತದೆ, ಉಳಿದ ಕಾಲ ಖಾಲಿ. ಅಣ್ಣ ಒಂದು ದಿನವೂ ಇಲ್ಲ ಎನ್ನಲಿಲ್ಲ. ಆಚೆಯ ಹೊಲದಲ್ಲಿ ಕುರಿ ಮೇಯಿಸುವವರು ಬಂದು, "ಏನ್ರಿ, ನಿಮ್ಮ ತಂಗಿ ಹಚ್ಚಿದ್ದಕ್ಕ ನಮ್ಮ ಕುರಿ ಹಾಲ ಬಿಡವಲ್ಲವು," ಎಂದು ದೂರಿದರೆ, "ನಾನೂ ದಿನಾ ಕೇಳಾಕತ್ತೇನಿ, ನನ್ನ ಯಾರ ಕೇಳ್ತಾರ," ಎಂದು ಅವರನ್ನು ನಗಿಸಿ ಕಳಿಸುತ್ತಿದ್ದ.

ಆ ವರ್ಷ ಪುಣೆಯಿಂದ ರೆಕಾರ್ಡಿಂಗ್ ಮಾಡುವ ಮನುಷ್ಯನೊಬ್ಬ ನಮ್ಮ ಶೆಡ್ಡಿಗೇ ಬಂದು ಹತ್ತೂ ಹಾಡು ಹಿಡಿದುಕೊಂಡು ಹೋಗಲು ಒಪ್ಪಿದ. ಅವನಿಗೆ ಬಿಡುವಿದ್ದದ್ದು ಅಕ್ಟೋಬರಿನಲ್ಲಿ ಒಂದು ದಿನ. ಹಾಗೆಯೇ ಡ್ರಮ್ಮಿನವನಿಗೂ ಅದೇ ಕೊನೆಯ ದಿನ. ಅವನ ಅಪ್ಪನ ಮೊಣಕಾಲು ಸೋತಿದ್ದವು. ತುಳಸಿ ಲಗ್ನ ಮುಗಿದು ಮದುವೆಗಳು ಶುರುವಾದರೆ ಅಪ್ಪನ ಡ್ರಮ್ ಇವನೇ ಹೊರಬೇಕು, ಇಡೀ ಬ್ಯಾಂಡನ್ನು ಇವನೇ ನಡೆಸಬೇಕು. ಬಬಲೇಶ್ವರದ ಅವರ ಮನೆಯ ಕಟ್ಟೆಯ ಮೇಲೆ ಕೂತು ನೇರವಾಗಿ ಹೇಳಿದ. "ಈ ಒಂದ ದಿನ ಐತಿ ನೋಡು. ಆಮ್ಯಾಗ ನಾ ಬರಂಗಿಲ್ಲ. ಸಿಟ್ಟಾಗಬ್ಯಾಡ." ನಾನು ಸಿಟ್ಟಾಗಲಿಲ್ಲ, ಅವನ ಅಪ್ಪ ಗೋಡೆ ಹಿಡಿದುಕೊಂಡು ಒಳಗೆ ಹೋಗುವುದನ್ನು ನಾನೂ ನೋಡುತ್ತಿದ್ದೆ.

ಅಕ್ಟೋಬರ್ ಎಂದರೆ ನಮ್ಮಲ್ಲಿ ಚಾಟ್ನಿ. ದ್ರಾಕ್ಷಿ ಬಳ್ಳಿಯ ಕಡ್ಡಿಗಳನ್ನು ಕತ್ತರಿಸುವ ಕೆಲಸ. ಕತ್ತರಿಸಿದ ಮೇಲೆ ಉಳಿದ ಕಡ್ಡಿಯಲ್ಲಿ ಚಿಗುರೊಡೆಯುವ ಕಣ್ಣುಗಳಿಗೆ ಒಂದು ಔಷಧ ಹಚ್ಚಬೇಕು. ಪೇಸ್ಟ್ ಎನ್ನುತ್ತೇವೆ. ಹಚ್ಚಿದ್ದು ಯಾವುದು, ಬಿಟ್ಟದ್ದು ಯಾವುದು ಎಂದು ಕಾಣಲಿ ಎಂದು ಅದಕ್ಕೆ ಕೆಂಪು ಬಣ್ಣ ಕಲಸಿರುತ್ತಾರೆ. ಕತ್ತರಿಸಿ ಎರಡು ದಿನದೊಳಗೆ ಹಚ್ಚಿ ಮುಗಿಸಿದರೆ ಎಲ್ಲ ಕಣ್ಣುಗಳೂ ಒಟ್ಟಿಗೆ ಒಡೆಯುತ್ತವೆ. ತಡವಾದರೆ ಒಂದು ಚಿಗುರುತ್ತದೆ, ಇನ್ನೊಂದು ಮಲಗಿಯೇ ಇರುತ್ತದೆ, ಇಡೀ ವರ್ಷದ ಬೆಳೆ ಏರುಪೇರಾಗುತ್ತದೆ. ಪೇಸ್ಟು ಖಾರವಾದ ವಿಷ. ಹಚ್ಚಿದವರು ಎರಡು ಮೂರು ದಿನ ಹೆಂಡ-ಶೆರೆ ಮುಟ್ಟಬಾರದು, ಮುಟ್ಟಿದರೆ ಮುಖ ಕೆಂಪೇರಿ ಎದೆ ಹೊಡೆದುಕೊಳ್ಳುತ್ತದೆ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು.

ರೆಕಾರ್ಡಿಂಗ್‌ಗೆ ಎರಡು ದಿನ ಇದ್ದಾಗ ಶೆಡ್ಡು ಗುಡಿಸಲು ವಿಜಯಪುರದಿಂದ ಮೊದಲ ಬಸ್ಸು ಹಿಡಿದು ಟಿಕೋಟಾ ದಾಟಿ ಊರಿಗೆ ಹೋದೆ. ಪಡದ ಅಂಚಿನಲ್ಲಿ ಅಣ್ಣ ಆಕಾಶ ನೋಡುತ್ತ ನಿಂತಿದ್ದ. ನಾಲ್ಕೂ ಎಕರೆ ಹಿಂದಿನ ದಿನವೇ ಕತ್ತರಿಸಿ ಆಗಿತ್ತು. ಪೇಸ್ಟ್ ಹಚ್ಚುವ ಹೆಣ್ಣಾಳುಗಳು ಬಂದಿರಲಿಲ್ಲ. ಮಳೆಯ ಮೋಡ ನೋಡಿ ಎಲ್ಲ ಪಡದವರೂ ಒಂದೇ ಸಲ ಅವಸರ ಮಾಡಿದ್ದರು, ನಮ್ಮ ಆಳುಗಳನ್ನು ಕಳ್ಳಕವಟಗಿ ಊರಿನವರು ಬೆಳಗಾಗುವ ಮೊದಲೇ ಟ್ರ್ಯಾಕ್ಟರ್ ಕಳಿಸಿ ಕರೆದುಕೊಂಡು ಹೋಗಿದ್ದರು. ಉಳಿದವರು ಅಣ್ಣ, ವೈನಿ, ಪಕ್ಕದ ಮನೆಯ ಅಜ್ಜಿ.

ನಾನು ಹಳೆ ಬಟ್ಟೆಯ ಗಂಟಿನಿಂದ ಒಂದು ಹಳೆಯ ಅಂಗಿ ತೆಗೆದು ಮೇಲೆ ತೊಟ್ಟುಕೊಂಡೆ. ಅಣ್ಣನಿಗೆ ಗೊತ್ತಾಯಿತು.

"ಬ್ಯಾಡ ಬೇ. ನಾಡದ ನಿನ್ನ ಕೆಲಸ ಐತಿ. ಕೈ ಬೇಕ ನಿನಗ."

"ಮೂರ ಮಂದಿಯಿಂದ ನಾಕ ಎಕರೆ ಆಗತೈತೇನು?"

"ಆದಷ್ಟ ಆಗತೈತಿ."

"ಆದಷ್ಟ ಅಂದ್ರ ಏನು? ಅರ್ಧಾ ಬಳ್ಳಿ ಎದ್ದು, ಅರ್ಧಾ ಮಲಗತಾವು. ಹತ್ತ ವರ್ಷ ಶೆಡ್ ಕೊಟ್ಟಿ. ಸುಮ್ನ ಡಬ್ಬಿ ಕೊಡು ಈಗ."

ಅವನು ಕೊಡಲಿಲ್ಲ, ನಾನೇ ಕಸಿದುಕೊಂಡೆ. ನನ್ನ ಈ ಸ್ವಭಾವಕ್ಕೆ ನಾನು ಯಾರನ್ನೂ ದೂರುವಂತಿಲ್ಲ.

ಕೈಗವಸು ಇದ್ದವು, ತೆಳು ರಬ್ಬರಿನವು. ದಪ್ಪನೆಯವು ಹಾಕಿಕೊಂಡರೆ ಕಣ್ಣು ಕೈಗೆ ಹತ್ತುವುದಿಲ್ಲ, ಮುರಿದುಹೋಗುತ್ತದೆ. ತೆಳುವಾದವು ಕಡ್ಡಿಗೆ ತಾಗಿ ಬೆರಳ ತುದಿಯಲ್ಲಿ ಬೇಗ ಹರಿಯುತ್ತವೆ. ಇಲ್ಲಿ ನಾನು ತಪ್ಪು ಮಾಡಿದೆ. ಥ್ರ್ಯಾಶ್ ಬಾರಿಸುವವರ ಜೀವ ಇರುವುದು ಬಲಗೈಯಲ್ಲಿ. ತಂತಿಯನ್ನು ಮೇಲಿನಿಂದ ಕೆಳಕ್ಕೆ ನಿಮಿಷಗಟ್ಟಲೆ ಒಂದೇ ವೇಗದಲ್ಲಿ ಹೊಡೆಯುವ ಕೈ ಅದು. ಹದಿನೈದು ವರ್ಷ ನಾನು ಆ ಮಣಿಕಟ್ಟನ್ನು ಜೋಪಾನ ಮಾಡಿದ್ದೇನೆ, ನೀರಿನ ಕೊಡ ಸಹ ಬಲಗೈಯಲ್ಲಿ ಎತ್ತಿಲ್ಲ. ಅದಕ್ಕೇ ಬಲಗೈಯಲ್ಲಿ ಡಬ್ಬಿ ಹಿಡಿದು, ಎಡಗೈಯಿಂದ ಪೇಸ್ಟ್ ಹಚ್ಚಿದೆ. ತಂತಿ ಒತ್ತಿ ಒತ್ತಿ ಎಡಗೈ ಬೆರಳುಗಳ ತುದಿ ಜಡ್ಡುಗಟ್ಟಿದ್ದವು. ಸೂಜಿ ಚುಚ್ಚಿದರೂ ತಿಳಿಯುತ್ತಿರಲಿಲ್ಲ. ಹತ್ತು ಗಂಟೆಗೇ ಕೈಗವಸಿನ ತುದಿ ಹರಿದದ್ದು ನೋಡಿದೆ. ವೈನಿ, "ಬದಲಿ ಮಾಡ್ಕೋ," ಎಂದಳು. ಇಷ್ಟು ದಪ್ಪ ಚರ್ಮದೊಳಗೆ ಏನು ಹೋಗುತ್ತದೆ ಎಂದುಕೊಂಡು ಮುಂದಿನ ಸಾಲಿಗೆ ನಡೆದೆ. ಉರಿ ಆಗಲಿಲ್ಲ, ಅದೇ ಮೋಸವಾಯಿತು. ಜಡ್ಡುಗಟ್ಟಿದ ಜಾಗಕ್ಕೆ ಉರಿ ಗೊತ್ತಾಗುವುದಿಲ್ಲ.

ಸಂಜೆ ಐದಕ್ಕೆ ಕೊನೆಯ ಸಾಲು ಮುಗಿಯಿತು. ಏಳಕ್ಕೆ, ಪೇಸ್ಟ್ ಒಣಗಿದ ಮೇಲೆ, ಹನಿ ಬಿದ್ದವು. ಅಣ್ಣ ಅಂಗಳದಲ್ಲಿ ನಿಂತು ಆ ಹನಿಗಳಿಗೆ ಮುಖ ಒಡ್ಡಿ ನಕ್ಕ. ನನಗೂ ಹೆಮ್ಮೆಯಾಯಿತು.

ಮರುದಿನ ಬೆಳಿಗ್ಗೆ ಎಡಗೈಯ ನಾಲ್ಕೂ ಬೆರಳ ತುದಿ ಬೆಳ್ಳಗೆ ಊದಿದ್ದವು. ಒತ್ತಿದರೆ ಮೇಲಿನ ಚರ್ಮ ಒಳಗಿನದರ ಮೇಲೆ ಜಾರುತ್ತಿತ್ತು. ಟಿಕೋಟಾದ ಡಾಕ್ಟರು ಮುಲಾಮು ಬರೆದು, ವಾರ ಹತ್ತು ದಿನ ಆ ಕೈಯಿಂದ ಏನನ್ನೂ ಮುಟ್ಟಬೇಡಿ ಎಂದರು. ನಾಳೆ ಗಿಟಾರ್ ಬಾರಿಸಬೇಕು ಎಂದೆ. ಒಂದು ದಿನ ಬಾರಿಸದಿದ್ದರೆ ಏನಾಗುತ್ತದೆ ಎಂದು ಕೇಳಿದರು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಎರಡು ಬಸ್ಸು ಬಿಟ್ಟೆ. ಡ್ರಮ್ಮಿನವನಿಗೆ ಫೋನ್ ಮಾಡಲು ಧೈರ್ಯ ಬರಲಿಲ್ಲ.

ಮೂರನೆಯ ದಿನ ಒಂಬತ್ತಕ್ಕೆ ಎಲ್ಲರೂ ಬಂದರು. ಆ ವಾರ ನಮ್ಮ ಪಡದ ಲೈನಿಗೆ ಕರೆಂಟು ಒಂಬತ್ತರಿಂದ ನಾಲ್ಕರವರೆಗೆ ಮಾತ್ರ. ಜನರೇಟರ್ ಹಚ್ಚಿದರೆ ಅದರ ಸದ್ದು ಮೈಕಿನಲ್ಲಿ ಸೇರುತ್ತದೆ. ಅಡಿಗೆಮನೆಯಲ್ಲಿ ವೈನಿ ನನ್ನ ಬೆರಳಿಗೆ ದ್ರಾಕ್ಷಿಯ ಕಸಿ ಕಟ್ಟುವ ತೆಳು ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತಿದ್ದಳು. ಸುತ್ತುತ್ತ ಅಳುತ್ತಿದ್ದಳು. ಅಷ್ಟರಲ್ಲಿ ಡ್ರಮ್ಮಿನವನು ನೀರು ಕುಡಿಯಲು ಒಳಗೆ ಬಂದ.

"ಏನದು? ಕೈ ತೋರಸು."

ತೋರಿಸಿದೆ. ಕೆಂಪು ಬಣ್ಣ ಇನ್ನೂ ಉಗುರಿನ ಸಂದಿಯಲ್ಲಿ ಇತ್ತು.

"ಪೇಸ್ಟ್ ಹಚ್ಚಾಕ ಹೋಗಿದ್ದೇನು? ಇವತ್ತ ಬಾರಸೋದು ಗೊತ್ತಿದ್ದು?"

"ಆಳು ಬರಲಿಲ್ಲೋ."

"ನನಗ ಹೇಳಿದ್ರ ನಾ ಬರ್ತಿದ್ದಿಲ್ಲೇನು? ನಮ್ಮ ಮನ್ಯಾಗ ಐದ ಮಂದಿ ಅದೀವಿ. ಒಂದ ಫೋನ್ ಮಾಡಾಕ ಏನಾಗಿತ್ತ ನಿನಗ?"

ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಎಲ್ಲವನ್ನೂ ನಾನೊಬ್ಬಳೇ ಮಾಡಬೇಕು, ನಾನೇ ಜಗಳವಾಡಬೇಕು, ನಾನೇ ಗೆಲ್ಲಬೇಕು. ಹತ್ತು ವರ್ಷ ಅವನ ಜೊತೆ ಬಾರಿಸಿಯೂ ಅವನನ್ನು ಕರೆಯಬಹುದು ಎಂದು ಅನಿಸಿರಲಿಲ್ಲ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವನು ಚೊಂಬನ್ನು ಕುಕ್ಕಿ ಹೊರಗೆ ಹೋದ.

ಪುಣೆಯ ಮನುಷ್ಯ ಸಮಾಧಾನದವನು, ಆದರೆ ಅವನ ಮಾತಿನಲ್ಲಿ ನಮಗೆ ಸಮಾಧಾನ ಇರಲಿಲ್ಲ. ನೀವು ನಾಲ್ವರೂ ಒಂದೇ ಮಾಡಿನ ಕೆಳಗೆ ಕೂಡಿ ಬಾರಿಸುವವರು, ಗಿಟಾರಿನ ದನಿ ಡ್ರಮ್ಮಿನ ಮೈಕಿನಲ್ಲೂ ಬಂದೇ ಬರುತ್ತದೆ, ಗಿಟಾರ್ ಕೆಟ್ಟರೆ ಡ್ರಮ್ಮೂ ಕೆಡುತ್ತದೆ, ಆಮೇಲೆ ಬೇರ್ಪಡಿಸಲಾಗದು ಎಂದ. ಗಿಟಾರ್ ಬಿಟ್ಟು ಡ್ರಮ್ಮಷ್ಟೇ ಹಿಡಿಯೋಣವೇ ಎಂದದ್ದಕ್ಕೆ ಡ್ರಮ್ಮಿನವನು ತಲೆ ಅಲ್ಲಾಡಿಸಿದ. ಅವನು ನನ್ನ ಬಲಗೈ ನೋಡಿಕೊಂಡೇ ಬಾರಿಸುವವನು. ಅದಿಲ್ಲದೆ ಅವನಿಗೆ ಹಾಡು ನಡೆಯುವುದಿಲ್ಲ.

ಇನ್ನು ಉಳಿದದ್ದು ಯಾವ ಹಾಡು ಮೊದಲು ಎಂಬುದು. ಹತ್ತರಲ್ಲಿ ಒಂದು ಹಾಡು ನಾನೂ ಅವನೂ ಎಲ್ಲಕ್ಕಿಂತ ಮೊದಲು ಕಟ್ಟಿದ್ದು. ಅದರ ನಡುವೆ ನನ್ನ ಸೋಲೋ, ಗಿಟಾರ್ ಮುಂದಾಗಿ ನುಡಿಯುವ ಭಾಗ, ಬರುತ್ತದೆ. ಒಂದು ವರ್ಷ ಕೂತು ಕೂಡಿಸಿದ್ದು, ತಂತಿಯನ್ನು ಎಳೆದು ಬಗ್ಗಿಸುವ ಕೆಲಸವೇ ಹೆಚ್ಚು. ಚರ್ಮ ಇರುವಾಗಲೇ ಅದನ್ನು ಮುಗಿಸಿಬಿಡೋಣ ಎಂದು ಹಾಡುವವನು ಹೇಳಿದ. ಮುಗಿಸಿದರೆ ಉಳಿದ ಒಂಬತ್ತಕ್ಕೆ ಬೆರಳು ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ಎಲ್ಲರೂ ನನ್ನ ಮುಖ ನೋಡಿದರು.

"ಅದು ಕಡೀಕ," ಎಂದೆ.

ಡ್ರಮ್ಮಿನವನು ಕೋಲು ಎತ್ತಿಕೊಂಡ.

ಮೊದಲ ನಾಲ್ಕು ಹಾಡು ಪಟ್ಟಿ ತಡೆಯಿತು. ಐದನೆಯದಕ್ಕೆ ತೋರುಬೆರಳಿನ ಚರ್ಮ ಪಟ್ಟಿಯ ಜೊತೆಗೇ ಎದ್ದು ಬಂತು. ವೈನಿ ಮತ್ತೆ ಸುತ್ತಿದಳು. ಊಟಕ್ಕೆ ಯಾರೂ ಏಳಲಿಲ್ಲ, ರೊಟ್ಟಿಯ ಗಂಟು ಬಿಚ್ಚಲೇ ಇಲ್ಲ. ಏಳನೆಯದನ್ನು ಮೂರು ಸಲ ಬಾರಿಸಬೇಕಾಯಿತು, ಕೆಟ್ಟ ಎರಡೂ ಸಲ ತಪ್ಪು ನನ್ನದು. ಪ್ರತಿ ಸಲ ಡ್ರಮ್ಮಿನವನು ಕೋಲು ನಿಲ್ಲಿಸಿ ಗೋಡೆಯ ಕಡೆ ನೋಡುತ್ತಿದ್ದ, ನನ್ನ ಕಡೆ ನೋಡುತ್ತಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಒಂಬತ್ತನೆಯದು ಮುಗಿದಾಗ ಮೂರೂವರೆ. ಗಿಟಾರಿನ ಕುತ್ತಿಗೆ ಜಿಗಟಾಗಿತ್ತು, ಹಿಡಿದರೆ ಕೈ ಅಂಟಿಕೊಳ್ಳುತ್ತಿತ್ತು.

ಹತ್ತನೆಯದಕ್ಕೆ ಒಂದೇ ಅವಕಾಶ ಇತ್ತು. ಶುರು ಮಾಡಿದೆವು. ಹಾಡು ಸರಿಯಾಗಿಯೇ ನಡೆಯಿತು, ಸೋಲೋ ಬಂತು. ಮೊದಲ ಎಳೆತಕ್ಕೇ ಉಂಗುರ ಬೆರಳಿನ ಪಟ್ಟಿ ಹಾರಿಹೋಗಿ ತಂತಿ ಹಸಿ ಮಾಂಸಕ್ಕೆ ಇಳಿಯಿತು. ಬಾರಿಸು ಎಂದು ಮನಸ್ಸು ಹೇಳುತ್ತಿತ್ತು, ಕೈ ತಾನಾಗಿಯೇ ಹಿಂದಕ್ಕೆ ಬಂತು. ಗಿಟಾರ್ ನಿಂತುಹೋಯಿತು.

ಡ್ರಮ್ ನಿಲ್ಲಲಿಲ್ಲ. ನಿಂತರೆ ಹಾಡು ಅಲ್ಲಿಗೇ ಮುಗಿಯುತ್ತದೆ ಎಂದು ಅವನಿಗೆ ಗೊತ್ತಿತ್ತು. ಬಾರಿಸಲು ಶುರು ಮಾಡಿದಾಗಿನಿಂದ ಮೊದಲ ಸಲ ಅವನು ನನ್ನ ಮುಖ ನೋಡಿದ. ಸೋಲೋಗೆ ಬಾರಿಸುವ ಪೆಟ್ಟು ಬಿಟ್ಟು ಬೇರೇನೋ ಹಿಡಿದ. ಒಂದು ಸುತ್ತು ಬಾರಿಸಿ, ತುಸು ಜಾಗ ಬಿಟ್ಟು, ಮತ್ತೆ ಒಂದು ಸುತ್ತು. ಮತ್ತೆ ಜಾಗ. ನಾನು ನೋವಿಗೆ ಬಗ್ಗಿ ನಿಂತಿದ್ದೆ. ಎಂಟು ಸುತ್ತು ಹಾಗೆಯೇ ಹೋದವು. ಒಂಬತ್ತನೆಯದಕ್ಕೆ ಎಡಗೈಯನ್ನು ಜೋತು ಬಿಟ್ಟು, ಬರೀ ಬಲಗೈಯಿಂದ ಎಲ್ಲಕ್ಕಿಂತ ದಪ್ಪ ತಂತಿಯೊಂದನ್ನೇ ಹೊಡೆಯುತ್ತ ಅವನ ಜೊತೆ ಸೇರಿದೆ. ಹಾಡುವವನು ತನ್ನ ಕೊನೆಯ ಸಾಲು ಹಿಡಿದ, ಬೇಸ್ ಸೇರಿತು. ಮುಗಿದಾಗ ನಾಲ್ಕಕ್ಕೆ ಐದು ನಿಮಿಷ ಇತ್ತು.

ಪುಣೆಯ ಮನುಷ್ಯ ಚಿಂತೆ ಬೇಡ ಎಂದ. ಸೋಲೋದ ಜಾಗದಲ್ಲಿ ಗಿಟಾರ್ ಇಲ್ಲವೇ ಇಲ್ಲ, ಅದು ಖಾಲಿ ಇದೆ, ಕೈ ವಾಸಿಯಾದ ಮೇಲೆ ಪುಣೆಗೆ ಬಾ, ಅದೊಂದನ್ನು ಬಾರಿಸಿದರೆ ಅಲ್ಲಿ ಕೂಡಿಸುತ್ತೇನೆ ಎಂದ. ಡ್ರಮ್ಮಿನವನು ಆಗಲೇ ಡ್ರಮ್ಮಿನ ಕಂಚಿನ ತಟ್ಟೆಗಳನ್ನು ಬಿಚ್ಚುತ್ತಿದ್ದ. "ಸೋಲೋ ಹಚ್ಚಿಸಿಕೋ. ಛಲೋ ಆಗತೈತಿ," ಎಂದ. ಅಷ್ಟೇ. ಸಾಮಾನು ಟೆಂಪೋಕ್ಕೆ ಏರಿಸಿ ಬಬಲೇಶ್ವರಕ್ಕೆ ಹೋದ.

ಹನ್ನೆರಡನೆಯ ದಿನಕ್ಕೆ ನಾಲ್ಕು ಎಕರೆಯ ಕಣ್ಣುಗಳೆಲ್ಲ ಒಟ್ಟಿಗೆ ಒಡೆದವು. ಅಣ್ಣ ನನ್ನನ್ನು ಕರೆದುಕೊಂಡು ಹೋಗಿ ಸಾಲು ಸಾಲಾಗಿ ತೋರಿಸಿದ. ನೋಡಿ ಸಂತೋಷವಾಯಿತು. ಹೊಟ್ಟೆಯೂ ಉರಿಯಿತು, ಸುಳ್ಳು ಯಾಕೆ ಹೇಳಲಿ.

ತಿಂಗಳೊಪ್ಪತ್ತಿಗೆ ಬೆರಳು ಮಾಗಿದವು. ಮತ್ತೂ ಒಂದು ತಿಂಗಳು ಅಭ್ಯಾಸ ಮಾಡಿ ಪುಣೆಗೆ ಹೋದೆ. ಗಾಜಿನ ಕೋಣೆಯಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನ್ ಕೊಟ್ಟರು. ಶೆಡ್ಡಿನ ಆ ದಿನದ ಡ್ರಮ್ ಕಿವಿಯಲ್ಲಿ ಶುರುವಾಯಿತು. ನಾನು ಸೋಲೋ ಬಾರಿಸಿದೆ. ಒಂದು ತಪ್ಪೂ ಇಲ್ಲ, ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಬಾರಿಸಿರಲಿಲ್ಲ. ಪುಣೆಯವನು ಗಾಜಿನಾಚೆ ಹೆಬ್ಬೆರಳು ಎತ್ತಿದ.

ಎರಡನ್ನೂ ಕೂಡಿಸಿ ಕೇಳಿಸಿದ. ಆಗ ಗೊತ್ತಾಯಿತು. ಅಲ್ಲಿ ಡ್ರಮ್ಮಿನವನು ಸೋಲೋಗೆ ಬಾರಿಸುತ್ತಿರಲಿಲ್ಲ. ಒಂದು ಸುತ್ತು ಬಾರಿಸಿ, ಜಾಗ ಬಿಟ್ಟು, ಬರುತ್ತೀಯೇನು ಎಂದು ಕೇಳುತ್ತಿದ್ದ. ಮತ್ತೆ ಕೇಳುತ್ತಿದ್ದ. ಎಂಟು ಸಲ ಕೇಳಿದ್ದ. ಅವನು ಜಾಗ ಬಿಟ್ಟ ಕಡೆಯೆಲ್ಲ ನಾನು ಕಿವುಡಿಯಂತೆ ಗಿಟಾರ್ ಉರುಳಿಸಿಕೊಂಡು ಹೋಗಿದ್ದೆ. ಹತ್ತು ವರ್ಷ ಮಾಡಿದ್ದನ್ನೇ ಮತ್ತೆ ಮಾಡಿದ್ದೆ.

ನನ್ನ ಸೋಲೋ ತೆಗೆದುಹಾಕಿ ಎಂದೆ. ಪುಣೆಯವನಿಗೆ ಅರ್ಥವಾಗಲಿಲ್ಲ. ಹಾಡಿನ ನಡುವೆ ಅಷ್ಟು ಹೊತ್ತು ಬರೀ ಡ್ರಮ್ ಇದ್ದರೆ ಜನ ಏನೆನ್ನುತ್ತಾರೆ ಎಂದ. ಏನಾದರೂ ಅನ್ನಲಿ ಎಂದೆ. ಅಳು ಬರುತ್ತಿತ್ತು, ಗಿಟಾರನ್ನು ಚೀಲಕ್ಕೆ ಹಾಕುವ ನೆಪದಲ್ಲಿ ಆಚೆ ತಿರುಗಿದೆ.

ಹಾಡುಗಳು ಹೊರಬಂದ ದಿನ ಡ್ರಮ್ಮಿನವನಿಗೆ ಕಳಿಸಿದೆ. ಮದುವೆಯ ಹಂಗಾಮು, ಎರಡು ದಿನ ಉತ್ತರ ಬರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಫೋನ್ ಬಂತು. ಎಲ್ಲೋ ಮೆರವಣಿಗೆ ಊಟಕ್ಕೆ ನಿಂತಿರಬೇಕು, ಹಿಂದೆ ಮಂದಿಯ ಗದ್ದಲ ಇತ್ತು.

"ಕಡೀ ಹಾಡಿನ್ಯಾಗ ನೀ ಯಾಕ ಬಾರಸಲಿಲ್ಲ? ಕೈ ವಾಸಿ ಆಗಿತ್ತಲಾ?"

"ಆಗಿತ್ತು. ನೀ ಅಲ್ಲಿ ನನ್ನ ಕಾಯಾಕತ್ತಿದ್ದಿ. ಅದರ ಮ್ಯಾಲ ಹೆಂಗ ಬಾರಸ್ಲಿ?"

ಆಚೆ ಯಾರೋ ಅವನನ್ನು ಕೂಗಿ ಕರೆದರು.

"ಬಂದಿ ಅಲಾ ಮತ್ತ," ಎಂದ. "ತಡಾ ಮಾಡಿ ಬಂದಿ. ಆದ್ರ ಬಂದಿ."